ರೆಕ್ಕೆಯ ಕೊಂಡಿ

“ಇಲ್ಲಿ ವಿಮಾನದ ಜಗದೇವಪ್ಪ ಅಂತ ಒಬ್ಬರು ಅದಾರಂತಲ್ರಿ, ಅವರ ಮನಿಗೆ ಹೆಂಗ ಹೋಗಬೇಕು?”

ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ, ತುಂಬಿದ ಜನರ ನಡುವೆ ಅಪರಿಚಿತನೊಬ್ಬ ತನ್ನನ್ನು ಹಾಗೆ ಕೇಳಿದಾಗ ಭಾಗ್ಯಜ್ಯೋತಿ ತಟ್ಟನೆ ಸುತ್ತ ನೋಡಿದಳು. ಪಕ್ಕದ ಚಹಾದಂಗಡಿಯವರು ಆಗಲೇ ಮುಸಿಮುಸಿ ನಗಲು ಶುರು ಮಾಡಿದ್ದರು. ವಿಮಾನದ ಜಗದೇವಪ್ಪ... ಆ ಹೆಸರು ಕೇಳಿದರೆ ಈ ಸೀಮೆಯಲ್ಲಿ ಯಾರೂ ನಗದೆ ಇರುತ್ತಿರಲಿಲ್ಲ.

ಅವಳು ಅವನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ಎತ್ತರದ ಮನುಷ್ಯ, ಎಣ್ಣೆ ಕಲೆಯ ಶರ್ಟು, ಹೆಗಲ ಮೇಲೊಂದು ಭಾರದ ಚೀಲ. ಚೀಲದ ಬಾಯಿಂದ ಕ್ಯಾಮೆರಾದ ಪಟ್ಟಿ ಇಣುಕುತ್ತಿತ್ತು.

ಮತ್ತೊಬ್ಬ ಬಂದ... ಹೋದ ವರ್ಷ ಹೀಗೆಯೇ ಒಬ್ಬ ಕ್ಯಾಮೆರಾ ಹಿಡಿದುಕೊಂಡು ಬಂದು, ಅಪ್ಪನನ್ನು ಮಾತಾಡಿಸಿ, ‘ಹಾರದ ವಿಮಾನದ ಹುಚ್ಚ ಮುದುಕ’ ಎಂದು ವೀಡಿಯೋ ಮಾಡಿ ಎಲ್ಲರ ಮೊಬೈಲಿಗೂ ಹಂಚಿದ್ದ. ಭಾಗ್ಯಜ್ಯೋತಿ ಫಿಜಿಕ್ಸ್ ಪಾಠ ಮಾಡುವ ಕಾಲೇಜಿನಲ್ಲಿ ಹುಡುಗರು ಅದನ್ನು ಅವಳ ಬೆನ್ನ ಹಿಂದೆಯೇ ಹಾಕಿಕೊಂಡು ನಕ್ಕಿದ್ದರು. ಆಳಂದದಿಂದ ನೋಡಲು ಬಂದಿದ್ದ ವರನ ಕಡೆಯವರು, “ಆ ವೀಡಿಯೋದಾಗ ಇದ್ದವರು ನೀವೇ ಏನ್ರಿ?” ಎಂದು ಅಪ್ಪನನ್ನು ಕೇಳಿ, ಚಹಾ ಕುಡಿದು ಎದ್ದು ಹೋದವರು ಮತ್ತೆ ಸುದ್ದಿ ಕಳಿಸಿರಲಿಲ್ಲ.

“ಆ ವಿಮಾನ ಗುಜರಿಗೆ ಹಾಕ್ಯಾರ” ಎಂದಳು ಅವಳು, ಕಣ್ಣು ಬೇರೆ ಕಡೆ ತಿರುಗಿಸಿ. “ಈಗ ಅಲ್ಲಿ ಏನೂ ಇಲ್ಲ. ಸುಮ್ನ ಹೋಗಬ್ಯಾಡ್ರಿ.”

ಅವನ ಮುಖ ಬಾಡಿತು. “ಖರೇನಾ? ನಿಮಗ ಅವರು ಪರಿಚಯ ಏನ್ರಿ?”

“ನನಗ ಯಾರೂ ಅಲ್ಲ.”

ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ಅದು ಯಾರೋ ಆಡಿದಂತೆ ಕೇಳಿಸಿತು. ಅವನು ಕೈ ಮುಗಿದು, ಜೇವರ್ಗಿ ಕಡೆಯ ಬಸ್ಸು ಹತ್ತಿ ಹೋದ. ಅವಳು ತನ್ನೂರು ಮಣ್ಣೂರಿನ ಬಸ್ಸು ಹತ್ತಿದಳು.

ಮನೆಗೆ ಬಂದರೆ, ಅಂಗಳದಲ್ಲಿ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕುಳಿತಿದ್ದ. ಅಡಿಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಯಾರು ಬರುತ್ತಿದ್ದಾರೆ ಎಂದು ಅವಳು ಕೇಳಿದಳು. ಅವ್ವ ಗುರುಶಾಂತಮ್ಮ ಒಳಗಿನಿಂದಲೇ ಹೇಳಿದಳು: ಜೇವರ್ಗಿ ಹತ್ತಿರ ಮುಚ್ಚಿ ಹೋದ ಕಾರ್ಖಾನೆಯೊಂದರ ಚಿಕ್ಕ ರನ್‌ವೇ ಇದೆಯಲ್ಲ, ಅಲ್ಲಿ ಹಳೆಯ ವಿಮಾನ ದುರಸ್ತಿ ಮಾಡುವ ಇಂಜಿನಿಯರ್ ಒಬ್ಬ ಅಪ್ಪನ ಪುಷ್ಪಕ ವಿಮಾನ ನೋಡಲು ಬರುತ್ತಾನಂತೆ. ಹೆಸರು ಸುಶಾಂತ ಅಂತೆ.

ಭಾಗ್ಯಜ್ಯೋತಿಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು.

ಜಗದೇವಪ್ಪ ಹರೆಯದಲ್ಲಿ ಹೈದರಾಬಾದಿನ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದವನು. ಅಣ್ಣ ತೀರಿಕೊಂಡಾಗ ಹೊಲಮನೆ ನೋಡಿಕೊಳ್ಳಲು ವಾಪಸು ಬಂದ. ಎಷ್ಟೋ ವರ್ಷಗಳ ನಂತರ ಆ ಕ್ಲಬ್ಬಿನಲ್ಲಿದ್ದಂಥದೇ ಒಂದು ಪುಷ್ಪಕ ವಿಮಾನ ಹರಾಜಿಗೆ ಬಂದಾಗ, ಯಾರ ಮಾತೂ ಕೇಳದೆ ಕೊಂಡು, ಬಿಚ್ಚಿ, ಲಾರಿಯಲ್ಲಿ ಹೇರಿಕೊಂಡು ಬಂದ. ಎರಡು ಸೀಟಿನ ಪುಟ್ಟ ವಿಮಾನ. ಬಟ್ಟೆ ಹೊದಿಸಿದ ರೆಕ್ಕೆ, ಕಟ್ಟಿಗೆಯ ಪಂಕ. ಅಂದಿನಿಂದ ಅದು ಹತ್ತಿಯ ಗೋದಾಮಿನಲ್ಲಿದೆ. ಇಂಜಿನ್ ಸಿಗಲಿಲ್ಲ, ಆದರೂ ಅಪ್ಪ ಅದನ್ನು ಒರೆಸುವುದು ಬಿಡಲಿಲ್ಲ.

ಸಂಜೆಯ ತನಕ ಅಪ್ಪ ಕಾದ. “ದೂರದಿಂದ ಬರಬೇಕಲ್ಲ” ಎಂದು ತಾನೇ ಸಮಾಧಾನ ಹೇಳಿಕೊಂಡ. ಕೊನೆಗೆ ಫೋನು ಹಚ್ಚಿದ.

ಕಂಬದ ಮರೆಯಲ್ಲಿ ನಿಂತು ಅವಳು ಕೇಳಿಸಿಕೊಂಡಳು. ಆ ಕಡೆಯ ಮಾತು ಅವಳಿಗೆ ಕೇಳಲಿಲ್ಲ, ಅಪ್ಪನ ಮುಖ ಮಾತ್ರ ಕಂಡಿತು. “ಹಸಿರು ಸೀರಿ ಉಟ್ಟಿದ್ಲಾ...” ಎಂದ ಮೆಲ್ಲಗೆ. ಆಮೇಲೆ ಗಂಟಲು ಸರಿ ಮಾಡಿಕೊಂಡು, “ಯಾರೋ ತಿಳೀಲಾರದೆ ಹೇಳ್ಯಾರ ಬಿಡ್ರಿ. ವಿಮಾನ ಇಲ್ಲೇ ಅದ. ನಾಳಿ ಬರ್ರಿ” ಎಂದ.

ಅವಳು ಉಟ್ಟ ಹಸಿರು ಸೀರೆಯನ್ನು ಅಪ್ಪ ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ನೋಡದಿರುವಿಕೆಯೇ ಅವಳನ್ನು ಸುಟ್ಟಿತು.

ಮರುದಿನ ಬಾಗಿಲು ತೆರೆದವಳು ಅವಳೇ. ಹೊಸ್ತಿಲಾಚೆ ಸುಶಾಂತ! ಅವನ ಕಣ್ಣುಗಳು ಅಗಲವಾದವು. ಗುರುತು ಹಿಡಿದ... ಈಗ ಅಪ್ಪನ ಎದುರೇ ಹೇಳಿಬಿಡುತ್ತಾನೆ. ಅವಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹಿಂದಿನಿಂದ ಅಪ್ಪ ಬಂದು ಹೆಮ್ಮೆಯಿಂದ ಪರಿಚಯ ಮಾಡಿಕೊಟ್ಟ, ನನ್ನ ಮಗಳು, ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಾಳೆ ಎಂದು. ಸುಶಾಂತ ಮೊದಲ ಸಲ ನೋಡಿದವನಂತೆ ಕೈ ಮುಗಿದ. “ನಮಸ್ಕಾರ್ರಿ” ಎಂದನಷ್ಟೇ. ಆ ಒಂದು ಮಾತಿನಿಂದ ಅವನು ತನ್ನನ್ನು ಕಾಪಾಡಿದ ಎಂದು ಗೊತ್ತಾದಾಗ ಅವಳಿಗೆ ತಲೆ ಎತ್ತಲು ಆಗಲಿಲ್ಲ.

ಗೋದಾಮಿನಲ್ಲಿ ಅವನು ಕಥೆ ಹೇಳಿದ. ತಮ್ಮ ಹತ್ತಿರವೂ ಒಂದು ಪುಷ್ಪಕ ಇದೆ, ಇಂಜಿನ್ ಗಟ್ಟಿಯಿದೆ. ಪಂಕ ಬ್ಯಾರಕ್‌ಪುರದಿಂದ ಬಂತು, ಕಿಡಿ ಹೊತ್ತಿಸುವ ಮ್ಯಾಗ್ನೆಟೊ ಧುಳೆಯ ಗುಜರಿಯವನೊಬ್ಬನ ಬಳಿ ಸಿಕ್ಕಿತು. ಒಂದೇ ಒಂದು ಸಿಗುತ್ತಿಲ್ಲ: ರೆಕ್ಕೆಯ ಆಸರೆ ಕಂಬವನ್ನು ವಿಮಾನದ ಹೊಟ್ಟೆಗೆ ಬಿಗಿಯುವ ಉಕ್ಕಿನ ಕೊಂಡಿ. ಹಳೆಯದನ್ನು ತುಕ್ಕು ತಿಂದಿದೆ. ಇಂದು ಅದನ್ನು ಯಾರೂ ಮಾಡುವುದಿಲ್ಲ, ಮಾಡಿದರೂ ಹಾರಲು ಅನುಮತಿ ಸಿಗುವುದಿಲ್ಲ. ಹೀಗಾಗಿ ಮತ್ತೊಂದು ಪುಷ್ಪಕದ ಕೊಂಡಿಯೇ ಬೇಕು.

“ಎರಡರಾಗ ಒಂದೇ ಹಾರೋದು, ಅಲ್ಲೇನು?” ಎಂದು ಜಗದೇವಪ್ಪ ಕೇಳಿದ. ಅಪ್ಪ ಬಹಳ ಹೊತ್ತು ರೆಕ್ಕೆಯ ಮೇಲೆ ಕೈಯಿಟ್ಟು ನಿಂತ. ಆಮೇಲೆ, ವಿಮಾನ ಬಿಚ್ಚಿ ತಂದಾಗಿನಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೊಂಡಿಯನ್ನು ತಾನೇ ತಂದು, ಮೊದಲು ನೋಡಿ, ಛಲೋ ಇದ್ದರೆ ಒಯ್ಯಿರಿ ಎಂದ.

ಸುಶಾಂತ ಚೀಲ ಬಿಚ್ಚಿದ. ಪಟ್ಟಿ ಇಣುಕುತ್ತಿದ್ದ ಕ್ಯಾಮೆರಾ ಕೊಂಡಿಯ ಚಿತ್ರ ತೆಗೆದುಕೊಳ್ಳಲು ತಂದದ್ದಾಗಿತ್ತು. ಅವನು ಉಕ್ಕನ್ನು ತೊಳೆದು, ಕೆಂಪು ಬಣ್ಣ ಸವರಿ, ಸ್ವಲ್ಪ ಬಿಟ್ಟು ಒರೆಸಿ, ಮೇಲೆ ಬಿಳಿಪುಡಿ ಚಿಮುಕಿಸಿದ. ಕಣ್ಣಿಗೆ ಕಾಣದ ಸೀಳಿದ್ದರೆ ಕೆಂಪು ಗೆರೆ ಮೇಲೇಳುತ್ತದೆ ಎಂದು ವಿವರಿಸಿದ. ಭಾಗ್ಯಜ್ಯೋತಿ ಟಾರ್ಚು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವನ ಮೊಣಕೈ ಅವಳ ಕೈಗೆ ಸೋಕಿದಾಗ ಅವಳು ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿದಳು. ಬಿಳಿಪುಡಿ ಬಿಳಿಯಾಗಿಯೇ ಉಳಿಯಿತು. ಒಂದು ಗೆರೆಯೂ ಇಲ್ಲ.

ಸುಶಾಂತ ತಲೆ ಎತ್ತಿದ. ರೆಕ್ಕೆಗೆ ಆತು ಆ ಕಡೆ ಮುಖ ತಿರುಗಿಸಿ ನಿಂತ ಜಗದೇವಪ್ಪನನ್ನು ನೋಡಿದ. ಆಮೇಲೆ ಕೊಂಡಿಯನ್ನು ಅವಸರದಿಂದ ಒರೆಸಿದ.

“ಇದು ಸೀಳ್ಯಾದ್ರಿ ಕಾಕಾ. ನಡೆಯೋದಿಲ್ಲ.”

ಊಟಕ್ಕೂ ನಿಲ್ಲದೆ ಅವನು ಹೊರಟುಹೋದ.

ಭಾಗ್ಯಜ್ಯೋತಿ ದಂಗಾದಳು. ಯಾಕೆ ಸುಳ್ಳು ಹೇಳಿದ? ಅವಳ ಮನಸ್ಸಿಗೆ ಒಂದೇ ಉತ್ತರ ಹೊಳೆಯಿತು... ಹೆತ್ತ ಅಪ್ಪನನ್ನೇ ‘ಯಾರೂ ಅಲ್ಲ’ ಎಂದವಳ ಮನೆಯ ವಸ್ತು ಅವನಿಗೆ ಬೇಡವಾಗಿದೆ. ನನ್ನ ಮೇಲಿನ ಅಸಹ್ಯಕ್ಕೆ ಹೀಗೆ ಮಾಡಿದ.

ಆದರೆ ಆ ಸುಳ್ಳು ಬಿದ್ದದ್ದು ಅಪ್ಪನ ಮೇಲೆ. ಅಂದಿನಿಂದ ಜಗದೇವಪ್ಪ ಗೋದಾಮಿಗೆ ಹೋಗಲಿಲ್ಲ. ಕೀಲಿ ಗೂಟದಲ್ಲೇ ತೂಗಿತು. ಊಟ ಕಡಿಮೆಯಾಯಿತು. ಒಂದು ಮಧ್ಯಾಹ್ನ ಅವನು ಹೆಂಡತಿಯ ಬಳಿ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. ಹಾರದಿದ್ದರೂ ಗಟ್ಟಿ ವಸ್ತು ಕಾಯ್ದಿದ್ದೇನೆ ಅಂತ ನಂಬಿದ್ದೆ, ಕೊನೆಗೆ ಒಬ್ಬರಿಗೆ ಕೊಡಲಿಕ್ಕೂ ಬರಲಿಲ್ಲ, ಊರವರು ನಕ್ಕದ್ದೇ ಖರೆ ಆಯಿತು ಎನ್ನುತ್ತಿದ್ದ.

ಅವಳಿಗೆ ತಡೆಯಲಾಗಲಿಲ್ಲ. ಹೋಗಿ ಅವನ ಕಾಲ ಬಳಿ ಕುಳಿತಳು.

“ಅಪ್ಪಾ... ಅವತ್ತು ಬಸ್ ಸ್ಟ್ಯಾಂಡಿನಾಗ ಸುಳ್ಳು ಹೇಳಿದಾಕಿ ನಾನೇ. ನೀ ನನಗ ಯಾರೂ ಅಲ್ಲ ಅಂದೆ.”

“ಗೊತ್ತದ ಬೇ.”

“ಮತ್ತ ಒಂದು ಮಾತೂ ಅನಲಿಲ್ಲ?”

ಜಗದೇವಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. “ಏನಂತ ಅನಲಿ? ಆ ಬೀಗರು ಎದ್ದು ಹೋದಾಗ ನನಗೂ ನಾಚಿಕಿ ಬಂದಿತ್ತು. ನನ್ನ ಹುಚ್ಚಿಗೆ ನೀ ತಲಿ ತಗ್ಗಿಸಬೇಕಾತು.”

ಅವಳು ಅವನ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತಳು. ನಾಚಿಕೆ ತನ್ನೊಬ್ಬಳದು ಎಂದುಕೊಂಡಿದ್ದಳು. ಅಷ್ಟು ದಿನ ಅಪ್ಪನೂ ಅದನ್ನು ಒಬ್ಬನೇ ಹೊತ್ತು ತಿರುಗಿದ್ದ. ಅಳು ನಿಂತ ಮೇಲೆ ಕೊಂಡಿ ಸೀಳಿಲ್ಲ, ತಾನೇ ನೋಡಿದ್ದೇನೆ ಎಂದು ಹೇಳಿದಳು. ಅಪ್ಪ ನಂಬಲಿಲ್ಲ. ಅವಳು ಆಣೆಯಿಟ್ಟು ಹೇಳಿದಳು. ಅವನು ಎದ್ದು, ಗೂಟದಿಂದ ಕೀಲಿ ಕೈಗೆತ್ತಿಕೊಂಡ.

“ಹಂಗಾದ್ರ ಅವನಿಗೆ ಕೊಟ್ಟು ಬಾ. ಒಂದಾದ್ರೂ ಹಾರಲಿ.”

ಆ ಉಕ್ಕಿನ ಕೊಂಡಿಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅವಳು ಬಸ್ಸು ಬದಲಿಸುತ್ತ ಜೇವರ್ಗಿ ತಲುಪಿದಳು. ಮುಖ ನೋಡದೆ ವಾಪಸು ಕಳಿಸಿದರೆ? ಕಳಿಸಲಿ... ತಾನು ಹೇಳಬೇಕಾದ್ದನ್ನು ಹೇಳಿಯೇ ಬರುವುದು.

ತಗಡಿನ ಶೆಡ್ಡಿನಲ್ಲಿ ಅವನು ವಿಮಾನದ ಹೊಟ್ಟೆಯಡಿ ಮಲಗಿ ಏನೋ ಬಿಗಿಯುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

ಅವಳು ಕೊಂಡಿಯನ್ನು ಬೆಂಚಿನ ಮೇಲಿಟ್ಟಳು. “ಇದು ಸೀಳಿಲ್ಲ. ನೀವು ಸುಳ್ಳು ಹೇಳಿದ್ರಿ.”

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವಳು ಮಾತು ನಿಲ್ಲಿಸಲಿಲ್ಲ.

“ನಾನೂ ಹೇಳೀನಿ. ನಿಮಗೂ, ನಮ್ಮಪ್ಪಗೂ ಮಾಡಬಾರದ್ದು ಮಾಡೀನಿ. ನನ್ನ ಮ್ಯಾಲೆ ಸಿಟ್ಟಿದ್ರ ನನಗ ಬೈರಿ. ಅವರ ವಸ್ತು ಹಾಳಾಗ್ಯಾದ ಅಂತ ಹೇಳಬ್ಯಾಡ್ರಿ... ಅವರು ಊಟ ಬಿಟ್ಟಾರ.”

ಸುಶಾಂತನ ಮುಖ ಬಿಳಿಚಿಕೊಂಡಿತು. ಅವನು ಸ್ಟೂಲಿನ ಮೇಲೆ ಕುಸಿದು, ಎಣ್ಣೆಗೈಯಿಂದಲೇ ಹಣೆ ಒತ್ತಿಕೊಂಡ.

“ಸಿಟ್ಟೆಲ್ಲಿದು? ಅವತ್ತು ಅವರು ಮುಖ ಆ ಕಡೆ ತಿರುಗಿಸಿ ನಿಂತಿದ್ರಲ್ಲ, ಅದನ್ನ ನೋಡಿ ಕೊಂಡಿ ಒಯ್ಯಾಕ ನನಗ ಮನಸ್ಸಾಗಲಿಲ್ಲ. ಅವರ ಕನಸು ಅವರ ಹತ್ತಿರ ಇರಲಿ ಅಂದುಕೊಂಡೆ. ಅದು ಅವರಿಗೆ ಹಿಂಗ ಚುಚ್ಚತದ ಅಂತ ತಿಳೀಲಿಲ್ಲ.”

ಅವನೂ ತಲೆ ತಗ್ಗಿಸಿದ್ದ. ಅವಳು ಕೊಂಡಿ ಸುತ್ತಿದ್ದ ಟವೆಲನ್ನು ಮಡಚಿಟ್ಟಳು.

“ಬಸ್ ಸ್ಟ್ಯಾಂಡಿನಾಗ ಹೇಳಿದ್ದಕ್ಕ?” ಎಂದು ಅವಳು ಕೇಳಿದಳು. “ಅದಕ್ಕೂ ಸಿಟ್ಟಿಲ್ಲ?”

“ನಗೋರ ನಡುವ ನಿಂತಿದ್ರಿ. ನಾನೂ ಹಂಗ ನಿಂತು ನೋಡೀನಿ ರೀ. ಇಂಜಿನಿಯರಿಂಗ್ ಓದಿ ಗುಜರಿ ಹೆಕ್ಕತಾನ ಅಂತ ನಮ್ಮ ಅಪ್ಪಾಜಿ ಗೋವಿಂದ ಮಾಸ್ತರ್ರು ಯಾರಿಗೂ ನನ್ನ ಕೆಲಸ ಹೇಳೋದಿಲ್ಲ.”

ತನ್ನ ಅಪ್ಪನಿಗೆ ತಾನು ಮಾಡಿದ್ದನ್ನೇ ಇವನಿಗೆ ಇವನ ಅಪ್ಪ ಮಾಡುತ್ತಿದ್ದಾನೆ... ಆದರೂ ಇವನು ನನ್ನನ್ನು ಕಾಪಾಡಿದ.

ಆ ಸಂಜೆಯೇ ಸುಶಾಂತ ಅವಳ ಜೊತೆ ಮಣ್ಣೂರಿಗೆ ಬಂದು ಜಗದೇವಪ್ಪನ ಕಾಲು ಮುಟ್ಟಿ ತಪ್ಪೊಪ್ಪಿಕೊಂಡ. ಅಪ್ಪ ಮೊದಲು ಬೈದ, ಆಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು ಉಣ್ಣಿಸಿದ. ಅಂದಿನಿಂದ ಪ್ರತಿ ಆದಿತ್ಯವಾರ ಅವನು ಬರತೊಡಗಿದ. ಒಮ್ಮೆ ಚಕ್ರದ ಬ್ರೇಕಿಗೆ, ಒಮ್ಮೆ ಬಾಲದ ತಂತಿಗೆ. ಅಪ್ಪ ತನ್ನ ವಿಮಾನದಿಂದ ಒಂದೊಂದನ್ನೇ ಬಿಚ್ಚಿಕೊಟ್ಟ, ಅದನ್ನು ಹೇಗೆ ಕೂಡಿಸಬೇಕೆಂದು ಜೇವರ್ಗಿಗೇ ಹೋಗಿ ನಿಂತ. ಭಾಗ್ಯಜ್ಯೋತಿ ರೆಕ್ಕೆಗೆ ಹೊಸ ಬಟ್ಟೆ ಹೊಲಿಯಲು ಕುಳಿತಳು. ರೆಕ್ಕೆಯ ಈ ಬದಿ ಅವಳು, ಆ ಬದಿ ಅವನು. ಮಾತಿಗಿಂತ ಮೌನ ಹೆಚ್ಚು. ಆದರೂ ಅವಳಿಗೆ ಆದಿತ್ಯವಾರ ಯಾವಾಗ ಬಂದೀತು ಅನ್ನಿಸತೊಡಗಿತು.

ಪರೀಕ್ಷೆಗಳೆಲ್ಲ ಮುಗಿದು ಹಾರಲು ಅನುಮತಿ ಬಂತು. ಮೊದಲು ಪೈಲಟ್ ಒಬ್ಬರೇ ಹಾರಿಸಿ ನೋಡಿದರು. ಆಮೇಲೆ ಇನ್ನೊಂದು ಸೀಟಿನಲ್ಲಿ ಜಗದೇವಪ್ಪನನ್ನು ಕೂಡಿಸಿಕೊಂಡರು.

ನೋಡಲು ಸುತ್ತಲ ಊರವರೆಲ್ಲ ಸೇರಿದ್ದರು. ಗುರುಶಾಂತಮ್ಮ ಕೊರಳ ಲಿಂಗವನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಪುಟ್ಟ ವಿಮಾನ ಧೂಳೆಬ್ಬಿಸಿ ಓಡಿತು, ಒಮ್ಮೆ ಪುಟಿಯಿತು... ಏರಿತು! ಜೋಳದ ಹೊಲಗಳ ಮೇಲೆ ಭೀಮಾ ಹೊಳೆಯ ಕಡೆಗೆ ಹೊರಳಿತು.

ಭಾಗ್ಯಜ್ಯೋತಿಯ ಕಣ್ಣು ತುಂಬಿ ಏನೂ ಕಾಣದಾಯಿತು. ಪಕ್ಕದಲ್ಲಿ ಸುಶಾಂತ ಬಂದು ನಿಂತಿದ್ದ.

“ಪ್ರತಿ ಆದಿತ್ಯವಾರ ಮಣ್ಣೂರಿಗೆ ಯಾಕ ಹೋಗ್ತಿ ಅಂತ ನಮ್ಮವ್ವ ಕೇಳಾಕತ್ತಾಳ” ಎಂದ ಅವನು, ಆಕಾಶವನ್ನೇ ನೋಡುತ್ತ.

“ಏನಂದ್ರಿ?”

“ಬೋಲ್ಟು ಬೇಕಾಗ್ಯಾವ ಅಂದೆ.”

“ಎಲ್ಲಾ ಬೋಲ್ಟು ಹಾಕಿ ಮುಗೀತಲ್ಲ.”

“ಅದೇ ನನಗೂ ಚಿಂತಿ ಆಗ್ಯಾದ. ಮುಂದಿನ ಆದಿತ್ಯವಾರ ಏನ್ ಹೇಳಲಿ ಭಾಗ್ಯಾ?”

ಮೊದಲ ಸಲ ಅವನು ಅವಳನ್ನು ಹಾಗೆ ಕರೆದಿದ್ದ. ಅವಳು ಕಣ್ಣೊರೆಸಿಕೊಂಡು, ಎಣ್ಣೆಯ ಕಲೆ ಹತ್ತಿದ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ಜನ ನೋಡಾಕತ್ತಾರ” ಎಂದ ಅವನು ಮೆಲ್ಲಗೆ.

“ನೋಡ್ಲಿ ಬಿಡ್ರಿ” ಎಂದಳು ಭಾಗ್ಯಜ್ಯೋತಿ. “ನಿಮ್ಮವ್ವಗ ನಾನೇ ಬಂದು ಹೇಳ್ತೇನಿ.”