ಮಾದರಿ ಉಸಿರು

ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನಲ್ಲಿ, ಚಹಾದಂಗಡಿಗೂ ಹೂವಿನಂಗಡಿಗೂ ನಡುವೆ, ಉಸಿರಿನಲ್ಲೇ ಕ್ಯಾನ್ಸರ್ ಹಿಡಿಯುವ ಉಸಿರುಗನ್ನಡಿ ಯಂತ್ರ ನಿಂತಿತ್ತು. ಬಸ್ಸು ಬರುವುದರೊಳಗೆ ಜನ ಅದರ ಗಾಜಿನ ನಳಿಗೆಗೆ ಒಮ್ಮೆ ಊದಿ, ಹಸಿರು ದೀಪ ಕಂಡರೆ ಚಹಾ ಕುಡಿದು ಹೋಗುತ್ತಿದ್ದರು. ಕೆಂಪು ದೀಪ ಕಂಡವರೂ ಚಹಾ ಕುಡಿದೇ ಹೋಗುತ್ತಿದ್ದರು. 2071ರ ಹೊತ್ತಿಗೆ ಕ್ಯಾನ್ಸರ್ ಎಂದರೆ ಮೊದಲಿನ ಗಾಬರಿ ಉಳಿದಿರಲಿಲ್ಲ. ಅಷ್ಟು ಬೇಗ ಸಿಕ್ಕಿಬಿದ್ದ ರೋಗಕ್ಕೆ ನಾಲ್ಕು ಇಂಜೆಕ್ಷನ್ ಸಾಕಾಗಿತ್ತು.

ಇದನ್ನು ಸಾಧಿಸಿದವರು ಡಾ. ಶಾಂಭವಿ ಹೊಸಕೇರಿ. ಇಪ್ಪತ್ತೆರಡು ವರ್ಷ ಅವರನ್ನು ‘ವಾಸನೆ ಡಾಕ್ಟರು’ ಎಂದು ಆಡಿಕೊಂಡು ನಕ್ಕವರೇ ಆಮೇಲೆ ಹಾರ ಹಿಡಿದು ಸಾಲುಗಟ್ಟಿದರು. ಜನವೆಂದರೆ ಹಾಗೇ, ಬಿಡಿ.

ತತ್ತ್ವ ಸರಳವಾಗಿತ್ತು. ಕೆಟ್ಟ ಜೀವಕೋಶಗಳು ಗಡ್ಡೆಯಾಗುವ ಎಷ್ಟೋ ವರ್ಷ ಮೊದಲೇ ಉಸಿರಿನಲ್ಲಿ, ಒಂದೊಂದು ಅಂಗದ ರೋಗಕ್ಕೆ ಒಂದೊಂದು ಬಗೆಯ, ಬಹು ಸೂಕ್ಷ್ಮವಾದ ಆವಿಯನ್ನು ಬಿಡುತ್ತವೆ. ಶಾಂಭವಿ ಅದನ್ನು ‘ರೋಗಗಂಧ’ ಎಂದು ಕರೆದರು. ಆದರೆ ಉಸಿರಿನಲ್ಲಿ ಸಾವಿರಾರು ಆವಿಗಳಿರುತ್ತವೆ. ರೋಗದ್ದು ಯಾವುದು, ಬೆಳ್ಳುಳ್ಳಿ ಚಟ್ನಿಯದು ಯಾವುದು? ಅದಕ್ಕಾಗಿ ಆರೋಗ್ಯವಂತರ ಉಸಿರನ್ನು ‘ಮಾದರಿ ಉಸಿರು’ ಎಂದು ಯಂತ್ರಕ್ಕೆ ಕಲಿಸಬೇಕು. ಮಾದರಿಯಲ್ಲಿರುವ ಯಾವ ಆವಿಯೇ ಆಗಲಿ, ಎಷ್ಟೇ ದಟ್ಟವಾಗಿರಲಿ, ಯಂತ್ರ ಅದನ್ನು ಪೂರ್ತಿ ಕಳೆದುಹಾಕಿ ಉಳಿದದ್ದನ್ನು ಮಾತ್ರ ಪರೀಕ್ಷಿಸುತ್ತದೆ.

ಇದಕ್ಕೆ ನೂರಾರು ಜನರ ಉಸಿರು ಬೇಕೆಂದು ಶಾಂಭವಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಪ್ರಯೋಗಶಾಲೆಯವರಿಗೆ ಒಂದು ಹಳೇ ಚಾಳಿ: ಆರೋಗ್ಯವಂತರು ಬೇಕಾದಾಗ ಹೊರಗೆ ಹುಡುಕುವುದಿಲ್ಲ, ಕೈಗೆ ಸಿಕ್ಕವರನ್ನು ಕೂರಿಸುತ್ತಾರೆ. ಅಂದು, ಯುಗಾದಿಯ ಮಾರನೆಯ ದಿನ, ಕೈಗೆ ಸಿಕ್ಕವರು ಅವರ ಗಂಡ, ಹೈಸ್ಕೂಲಿನ ಡ್ರಿಲ್ ಮಾಸ್ತರು ಗುರುಬಸಪ್ಪ. ಮಧ್ಯಾಹ್ನದ ಬುತ್ತಿ ತಂದಿದ್ದರು.

“ಒಮ್ಮೆ ಊದ್ರಿ ಇದರಾಗ.”

“ನಾ ಯಾಕ? ನಾ ಏನ್ ಪೇಷಂಟ್ ಏನು?”

“ಅಲ್ಲಂತನ ಊದ್ರಿ ಅನ್ನಾಕತ್ತೀನಿ. ಸದ್ಯಕ್ಕ ನೀವು. ಮುಂದ ಬ್ಯಾರೆಯವ್ರನ್ನ ಹುಡುಕಿದ್ರಾತು.”

ಗುರುಬಸಪ್ಪ ಸೀಟಿ ಊದಿದರೆ ಮೂರು ಓಣಿಗೆ ಕೇಳಿಸುತ್ತಿತ್ತು. ಎದೆ ತುಂಬ ಗಾಳಿ ಎಳೆದುಕೊಂಡು ಊದಿ, “ತಗೋ, ಅಸಲಿ ಮಾಲು!” ಎಂದು ನಕ್ಕರು.

ಆ ‘ಸದ್ಯಕ್ಕೆ’ ಒಂಬತ್ತು ವರ್ಷ ನಡೆಯಿತು. ಯಂತ್ರ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದಾಗ ಮಾದರಿಯನ್ನು ಯಾರು ಕೆದಕುತ್ತಾರೆ? ಪ್ರತಿವರ್ಷ ಯುಗಾದಿಯ ಮಾರನೆಯ ದಿನ ಗುರುಬಸಪ್ಪ ಹೊಸ ಅಂಗಿ ತೊಟ್ಟು ಬಂದು ಹೊಸ ಸೀಸೆಗೆ ಊದಿ ಹೋಗುತ್ತಿದ್ದರು. ಶಾಂಭವಿ ಎಂಥ ವಿಜ್ಞಾನಿಯಾದರೂ ಗಂಡನ ಹೆಸರು ಹೇಳುವವರಲ್ಲ, ಬರೆಯುವವರೂ ಅಲ್ಲ. ಸೀಸೆಯ ಮೇಲೆ ‘ಆರೋಗ್ಯವಂತ ಗಂಡಸು’ ಎಂದಷ್ಟೇ ಚೀಟಿ ಇರುತ್ತಿತ್ತು.

ಹತ್ತನೆಯ ಯುಗಾದಿ ಹತ್ತಿರವಿದ್ದಾಗ ಚಂದ್ರವ್ವ ಎಂಬ ರೊಟ್ಟಿ ಮಾರುವ ಹೆಂಗಸು ಪ್ರಯೋಗಶಾಲೆಗೇ ಬಂದಳು. ಕೈಯಲ್ಲಿ ಆಸ್ಪತ್ರೆಯ ಕಾಗದಗಳಿದ್ದವು.

“ಅಕ್ಕಾರ, ವರ್ಷಾ ವರ್ಷಾ ನಿಮ್ಮ ಮಷೀನಿಗೆ ಊದೀನ್ರಿ. ವರ್ಷಾ ಹಸಿರ ಬಂದೈತಿ. ಈಗ ದವಾಖಾನ್ಯಾಗ ಮೇದೋಜೀರಕದಾಗ ಗಡ್ಡಿ ಐತಿ, ಕೈ ಮೀರೇತಿ ಅಂತಾರ. ನಾ ಸರಿಯಾಗಿ ಊದ್ಲಿಲ್ಲೇನ್ರಿ?”

ಶಾಂಭವಿ ಅವಳ ಉಸಿರಿನ ಸೀಸೆಯೊಂದನ್ನು ತುಂಬಿಸಿಕೊಂಡು, ಅವಳು ಹೋದ ಮೇಲೆ ಎಲ್ಲ ದಾಖಲೆಗಳನ್ನು ತೆಗೆಸಿದರು. ಒಂದು ಕೋಟಿ ನಲವತ್ತು ಲಕ್ಷ ಜನ ಊದಿದ್ದರು. ಎಲ್ಲ ಬಗೆಯ ಕ್ಯಾನ್ಸರೂ ಸಿಕ್ಕಿತ್ತು, ಮೇದೋಜೀರಕದ್ದು ಮಾತ್ರ ಒಂದೇ ಒಂದೂ ಇರಲಿಲ್ಲ. ಯಂತ್ರಕ್ಕೆ ಕಾಣದಿರುವುದೆಂದರೆ ಅದು ಆರೋಗ್ಯವೆಂದು ಕಳೆದುಹಾಕಿದ್ದು. ಆರೋಗ್ಯವೆಂದು ಕಳೆದುಹಾಕಿದ್ದೆಂದರೆ ಮಾದರಿಯಲ್ಲಿದ್ದದ್ದು. ಗಂಡನ ಉಸಿರಿನ ಒಂಬತ್ತು ಸೀಸೆಗಳನ್ನು ಚಂದ್ರವ್ವನ ಉಸಿರಿನೊಂದಿಗೆ ಹೋಲಿಸಿದರು. ಅದೇ ಗಂಧ ಮೊದಲನೆಯದರಲ್ಲಿ ಇದ್ದೂ ಇಲ್ಲದಂತಿತ್ತು, ಒಂಬತ್ತನೆಯದರಲ್ಲಿ ದಟ್ಟವಾಗಿತ್ತು.

ಸಂಜೆ ಮನೆಗೆ ಬಂದಾಗ ಗುರುಬಸಪ್ಪ ಕಟ್ಟೆಯ ಮೇಲೆ ಕೂತು ಬೆಲ್ಟಿಗೆ ಹೊಸ ತೂತು ಹಾಕುತ್ತಿದ್ದರು. ದೀಪಾವಳಿಯಿಂದಲೂ ಬೆನ್ನು ನೋವು, ಪ್ಯಾಂಟು ಸಡಿಲ. ಡಾಕ್ಟರಿಗೆ ತೋರಿಸೋಣವೆಂದರೆ, “ಮನ್ಯಾಗ ನಿನ್ನ ಮಷೀನ್ ಐತಿ, ದಿನಾ ಹಸಿರ ತೋರಸ್ತೈತಿ, ಮತ್ತ್ಯಾಕ?” ಎಂದಿದ್ದರು. ಶಾಂಭವಿಯೂ ಹೌದೆಂದು ಸುಮ್ಮನಾಗಿದ್ದರು. ಗುರುಬಸಪ್ಪನವರ ಉಸಿರಿನಿಂದ ಗುರುಬಸಪ್ಪನವರ ಉಸಿರನ್ನೇ ಕಳೆದರೆ ಏನು ಉಳಿದೀತು? ಜಗತ್ತಿನಲ್ಲಿ ಆ ಯಂತ್ರ ಎಂದೆಂದಿಗೂ ಹಸಿರನ್ನೇ ತೋರಿಸುತ್ತಿದ್ದ ಮನುಷ್ಯ ಅವರೊಬ್ಬರೇ.

ಶಾಂಭವಿ ಹೇಳಿದ್ದೆಲ್ಲವನ್ನೂ ಕೇಳಿ ಗುರುಬಸಪ್ಪ ಬೆಲ್ಟನ್ನು ಪಕ್ಕಕ್ಕಿಟ್ಟರು.

“ಆ ಹೆಣ್ಣಮಗಳಂಗ ಇನ್ನ ಎಷ್ಟ ಮಂದಿ?”

“ದವಾಖಾನ್ಯಾಗಿನ ಲೆಕ್ಕ ನೋಡಿದ್ರ, ಆರು ಸಾವಿರದ ಮ್ಯಾಲ.”

“ಅವತ್ತ ನಾ ಬುತ್ತಿ ತರಬಾರದಿತ್ತು ನೋಡು.”

“ಅಯ್ಯ, ಹಂಗನಬ್ಯಾಡ್ರಿ! ತಪ್ಪು ನಂದ್ರಿ, ನಂದು!” ಶಾಂಭವಿ ಓಣಿಗೆಲ್ಲ ಕೇಳಿಸುವಂತೆ ಅತ್ತುಬಿಟ್ಟರು. ಗುರುಬಸಪ್ಪ ಅವರ ತಲೆಯ ಮೇಲೆ ಕೈಯಿಟ್ಟು ಕೂತರು.

“ಆ ಸೀಸೆ ಅದಾವೇನು ಇನ್ನ?”

“ಒಂಬತ್ತೂ ಅದಾವ. ಈ ರೋಗ ಹುಟ್ಟಿದಾಗಿಂದ ವರ್ಷದ ಮ್ಯಾಲ ವರ್ಷ ಹಿಡದಿಟ್ಟದ್ದು ಬ್ಯಾರೆ ಎಲ್ಲೂ ಇಲ್ರಿ. ಅವನ್ನ ಇಟ್ಕೊಂಡ ಮಷೀನಿಗೆ ಕಲಿಸಬೇಕು.”

“ಹಂಗಾರ ಹತ್ತನೇದೂ ತಗೋ. ಯುಗಾದಿ ತನಕ ಯಾಕ ಕಾಯ್ತಿ?”

ಆ ಸಲ ಒಂದೇ ಉಸಿರಿಗೆ ಊದಲು ಅವರಿಂದ ಆಗಲಿಲ್ಲ. ನಡುವೆ ಎರಡು ಸಲ ನಿಂತರು.

ಚಂದ್ರವ್ವ ಯುಗಾದಿಯನ್ನು ಕಾಣಲಿಲ್ಲ. ಗುರುಬಸಪ್ಪ ಆಷಾಢದಲ್ಲಿ ತೀರಿಕೊಂಡರು. ಶಾಂಭವಿ ತಮ್ಮ ತಪ್ಪನ್ನು ಒಪ್ಪಿಕೊಂಡು ಆರು ಸಾವಿರ ಮನೆಗಳಿಗೂ ಕೈಯಾರೆ ಪತ್ರ ಬರೆದರು. ಬಹಳ ಮಂದಿ ಉತ್ತರಿಸಲಿಲ್ಲ, ಉತ್ತರಿಸಿದವರು ಬೈದಿದ್ದರು. ಹತ್ತು ಸೀಸೆಗಳ ಮೇಲಿನ ಹಳೆಯ ಚೀಟಿ ಕಿತ್ತು, ಜೀವನದಲ್ಲಿ ಮೊದಲ ಬಾರಿಗೆ ‘ಗುರುಬಸಪ್ಪ’ ಎಂದು ಬರೆದು ಅಂಟಿಸಿದರು.

ಹೊಸ ಯಂತ್ರದ ಮಾದರಿ ಹತ್ತು ಸಾವಿರ ಜನರ ಉಸಿರು. ಅದು ಮೇದೋಜೀರಕದ ರೋಗವನ್ನು ಎಂಟು ವರ್ಷ ಮೊದಲೇ ಹಿಡಿಯುತ್ತದೆ. ಮೊದಲ ಕೆಂಪು ದೀಪ ಕಂಡದ್ದು ಹಳೇ ಬಸ್‌ಸ್ಟ್ಯಾಂಡಿನ ಹೂವಿನವಳಿಗೆ. ಅವಳು ಚಹಾ ಕುಡಿದು ಇಂಜೆಕ್ಷನ್ನಿಗೆ ಹೋದಳು.

ಊರೂರಿನ ಹಳೆಯ ಯಂತ್ರಗಳನ್ನು ತಿದ್ದುತ್ತ ತಂತ್ರಜ್ಞರು ಕೊನೆಗೆ ಶಾಂಭವಿಯವರ ಮನೆಗೂ ಬಂದರು. ಪಡಸಾಲೆಯ ಮೂಲೆಯಲ್ಲಿ ಉಸಿರುಗನ್ನಡಿ ಇತ್ತು, ನಳಿಗೆಗೆ ಗುರುಬಸಪ್ಪನವರ ಸೀಟಿ ತೂಗುಬಿದ್ದಿತ್ತು. ಒಬ್ಬ ತಂತ್ರಜ್ಞ ತಿರುಪುಳಿ ತೆಗೆದು ಬಗ್ಗಿದ. ಶಾಂಭವಿ ಅಡ್ಡ ಬಂದು ನಿಂತರು.

“ಇದೊಂದನ್ನ ಬಿಡಪಾ.”

“ಮೇಡಂ, ಇದು ತಪ್ಪು ಹೇಳ್ತೈತ್ರಿ.”

“ಹೇಳ್ಲಿ. ಇದರ ಲೆಕ್ಕದಾಗ ನಮ್ಮನಿಯವ್ರು ಇನ್ನೂ ಆರಾಮ ಅದಾರ.”