ಕಟ್ಟಿದ ಬಲಗೈ

"ಯಾರ್ರೀ ನೀವು? ನಮ್ಮಪ್ಪನ ಕೈ ಯಾಕ್ರೀ ಕಟ್ಟಿದ್ದೀರಾ?!"

ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಮುಗಿಸಿ ಮಧುಗಿರಿಯ ಮನೆಗೆ ಬಂದ ಶಿವರಂಜನಿ ಹೊಸ್ತಿಲಲ್ಲೇ ಕೂಗಾಡಿದಳು. ಕೋಪ ಬಂದರೆ ಅವಳಿಗೆ ಹಿಂದುಮುಂದಿಲ್ಲ. ಸ್ಟ್ರೋಕ್ ಆಗಿ ಅಪ್ಪ ಶಂಕರಲಿಂಗಪ್ಪನವರ ಎಡಗೈ ಬಿದ್ದುಹೋಗಿತ್ತು. ಈ ಮನುಷ್ಯ ನೆಟ್ಟಗಿದ್ದ ಬಲಗೈಯನ್ನೂ ಟವೆಲ್‌ನಲ್ಲಿ ಕಟ್ಟಿ, ಮುಂದೆ ಒಂದು ಮೊರ ಕಡಲೆಕಾಯಿ ಇಟ್ಟಿದ್ದ!

"ಗೌರೀಶ್ ಅಂತ, ಫಿಸಿಯೋಥೆರಪಿಗೆ ಡಾಕ್ಟ್ರು ಕಳ್ಸಿದ್ರು. ಬಲಗೈ ಬುಟ್ರೆ ಎಡಗೈ ಸೋಮಾರಿ ಆಗ್ತದೆ ಕಣ್ರೀ. ದಿನಾ ಎರಡು ಗಂಟೆ ಇಂಗೇ ಸುಲೀಬೇಕು."

ಅಯ್ಯೋ ಶಿವನೇ, ಇವನಿಗೆ ಕರುಣೆಯೇ ಇಲ್ಲವಾ...?

ಮೂರು ವಾರ ದಿನಾ ಬಂದ, ದಿನಾ ಜಗಳ. ಅಪ್ಪನ ಎಡಗೈ ಒಂದೇ ಒಂದು ಕಾಯಿ ಸುಲಿಯಲಿಲ್ಲ! ರೋಸಿಹೋದ ಶಿವರಂಜನಿ ಯಾವುದೋ ಕ್ಲಿನಿಕ್ಕಿನಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಅಪ್ಪನ ಹೆಸರು ಬರೆಸಿಬಿಟ್ಟಳು.

"ನಾಳೇನೇ ಹೋಗ್ತೀವಿ. ಒಂದೇ ಇಂಜೆಕ್ಷನ್‌ಗೆ ಕೈ ಬರುತ್ತಂತೆ, ಗ್ಯಾರಂಟಿ!"

"ಪೆಟ್ಟು ಬಿದ್ದಿರೋದು ಕೈಗಲ್ಲ, ಮಿದುಳಿಗೆ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆ ಐತೆ ಕಣ್ರೀ, ಸಿಕ್ಕಿದ್ದನ್ನೆಲ್ಲ ಒಳಕ್ಕೆ ಬುಡಲ್ಲ. ರಕ್ತಕ್ಕೆ ಚುಚ್ಚಿದ ಸ್ಟೆಮ್ ಸೆಲ್ ಅನ್ನೋ ಜೀವಕೋಶ ಅದನ್ನ ದಾಟೋದೇ ಕಷ್ಟ. ಆ ಚಿಕಿತ್ಸೆ ಇನ್ನೂ ಪರೀಕ್ಷೇಲೇ ಐತೆ. ಗ್ಯಾರಂಟಿ ಅನ್ನೋರನ್ನ ನಂಬಬೇಡಿ."

"ಅಪ್ಪ ವಾಸಿಯಾದ್ರೆ ನಿಮ್ಗೆ ಇಲ್ಲಿ ಕೆಲ್ಸ ಇರಲ್ಲ. ಅದಕ್ಕೇ ತಾನೇ?!"

ಗೌರೀಶನ ಮುಖ ಸಣ್ಣಗಾಯಿತು. "ಆಯ್ತು ಬುಡಿ. ನಾಳೆಯಿಂದ ಬರಲ್ಲ."

ಹೋದರೆ ಪೀಡೆ ಹೋಯಿತು ಅಂದುಕೊಂಡಳು. ಆದರೆ... ಅವನು ಬೀದಿ ತಿರುಗುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.

ಬೆಳಿಗ್ಗೆ ಕಾರು ಬರುವ ಮುಂಚೆ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿಯೇಬಿಟ್ಟಳು. "ನಿಮ್ಮ ಇಂಜೆಕ್ಷನ್ ಮಿದುಳಿನ ತಡೆಗೋಡೆ ಹೆಂಗೆ ದಾಟುತ್ತೆ?"

"ಅದೆಲ್ಲ ನಿಮಗ್ಯಾಕೆ ಮೇಡಂ? ಬೇಗ ಬನ್ನಿ."

ಥೂ! ಬರಲ್ಲ ಎಂದು ಫೋನ್ ಇಟ್ಟು ತಿರುಗಿದರೆ, ಅಪ್ಪ ಟವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ತಮ್ಮ ಬಲಗೈಯನ್ನು ತಾವೇ ಕಟ್ಟಿಕೊಳ್ಳಲು ಒದ್ದಾಡುತ್ತಿದ್ದರು.

"ನೋಡ್ತಾ ನಿಂತ್ಯಲ್ಲಮ್ಮ, ಕಟ್ಟು!"

ಅವಳಿಗೆ ಅಳು ಬಂತು. ಗೌರೀಶನಿಗೆ ಫೋನ್ ಮಾಡಿದಳು. "ನಂದೇ ತಪ್ಪು. ಬನ್ನಿ ಮಾರಾಯ್ರೇ, ನನಗೆ ಕಟ್ಟೋಕೆ ಬರಲ್ಲ..."

ಅವನು ಅರ್ಧ ಗಂಟೆಯಲ್ಲಿ ಬಂದ. ಟವೆಲ್ ಬಿಗಿಯುವಾಗ ಅವಳು ಮೆಲ್ಲಗೆ ಕೇಳಿದಳು.

"ಅಪ್ಪ ವಾಸಿಯಾದ್ಮೇಲೂ ಬರ್ತೀರಾ?"

"ಆಗೇನ್ರೀ ಕೆಲ್ಸ ನಂಗೆ?"

"ಅಯ್ಯೋ, ಇದನ್ನೂ ಬಾಯ್ಬಿಟ್ಟು ಹೇಳ್ಬೇಕಾ? ನನಗೆ ನೀವು ಬೇಕು ಕಣ್ರೀ!"

ಟಪ್!

ಇಬ್ಬರೂ ತಿರುಗಿದರು. ಅಪ್ಪನ ಎಡಗೈ ಬೆರಳುಗಳ ನಡುವೆ ಕಡಲೆಕಾಯಿ ಒಡೆದಿತ್ತು. ಆ ಕೈ ನಡುಗುತ್ತಲೇ ಎರಡು ಬೀಜಗಳನ್ನು ಮುಂದಕ್ಕೆ ಚಾಚಿತು.

"ನಿಮ್ ಜಗಳ ಕೇಳಿ ಕೇಳಿ ಸಾಕಾಗೈತೆ. ತಗೊಳ್ಳಿ, ಆಳಿಗೊಂದು!"

ಗೌರೀಶ್ ಒದ್ದೆಗಣ್ಣಲ್ಲೇ ನಕ್ಕ. "ನಾಳೇನೂ ಬರ್ತೀನಿ ಕಣ್ರೀ... ಯಾವಾಗ್ಲೂ ಬರ್ತೀನಿ."