ಉಡಿಯಕ್ಕಿ

"ಅಷ್ಟು ಗಟ್ಟಿ ಹಿಡಕೊಂಡ್ರ ಅಂಗಿ ಹರೀತೈತಿ," ಎಂದ ಕೃಷ್ಣ, ಬೈಕಿನ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ.

"ರೋಡ್ ನೋಡು," ಎಂದಳು ದುರ್ಗಾದೇವಿ. ಹಿಡಿತ ಮಾತ್ರ ಸಡಿಲಿಸಲಿಲ್ಲ.

ಗೋದಾವರಿ ಕಡೆಯಿಂದ ಬಂದು ಗಂಗಾವತಿ ಹತ್ತಿರದ ತೆಲುಗು ರೈತರ ಕ್ಯಾಂಪಿನಲ್ಲಿ ಲೀಜಿಗೆ ಗದ್ದೆ ಮಾಡುತ್ತಿದ್ದ ಅವಳ ಅಪ್ಪ, ಇನ್ನು ಸಾಕೆಂದು ಊರಿಗೆ ಹೊರಟಿದ್ದ. ನಾಳೆ ಲಾರಿ ಬರುತ್ತದೆ. ಭತ್ತ ಕೊಯ್ಯುವ ಮಷಿನ್ ಓಡಿಸಲು ಬಂದು ಅವಳ ಮನಸ್ಸನ್ನೂ ಕೊಯ್ದುಕೊಂಡ ಕೃಷ್ಣ ಇರಕಲ್ಲಗಡದವನು. ಅವನ ಅವ್ವ ಹುಲಿಗವ್ವ ಒಪ್ಪಿದರೆ ಅವಳು ಸೊಸೆಯಾಗಿ ಅಲ್ಲಿ, ಇಲ್ಲದಿದ್ದರೆ ಅಪ್ಪನ ಜೊತೆ ಲಾರಿಯಲ್ಲಿ.

ಮನೆಯ ಪಡಸಾಲೆಯಲ್ಲಿ ಹುಲಿಗವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೃಷ್ಣ ಬೈಕಿನ ಚೈನಿನ ನೆಪ ಮಾಡಿ ಹೊರಗೇ ಉಳಿದ. ಪುಕ್ಕಲ, ಎಂದುಕೊಂಡಳು ದುರ್ಗಾದೇವಿ.

"ರೊಟ್ಟಿ ಬಡಿಯಾಕ ಬರತೈತೇನವಾ?"

"ಬರೋದಿಲ್ಲಮ್ಮ." ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲಿ ಕಾಲುವಿ ಇಲ್ಲ. ಮಳಿ ಬಂದ್ರ ಬೆಳಿ. ಗೊತ್ತೈತಿ?"

"ಗೊತ್ತಮ್ಮ."

ಹುಲಿಗವ್ವ ಒಳಗೆ ಹೋದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಜಂಪರ್ ಪೀಸು ಇಟ್ಟುಕೊಂಡು ಬಂದಳು. "ಸೆರಗ ಒಡ್ಡು."

ಸೆರಗು ಒಡ್ಡಿದ ದುರ್ಗಾದೇವಿ ಬೆಚ್ಚಿದಳು. ಊರು ಬಿಟ್ಟು ಹೋಗುವ ಕ್ಯಾಂಪಿನ ಹೆಂಗಸರಿಗೆ ಪಕ್ಕದ ಹಳ್ಳಿಯವರು ಹೀಗೇ ಉಡಿ ತುಂಬಿ ಕಳಿಸುತ್ತಿದ್ದರು. ಮೊನ್ನೆ ಅವಳ ಅಮ್ಮನಿಗೂ ತುಂಬಿದ್ದರು. ಮೊದಲ ಹಿಡಿ ಬೀಳುತ್ತಲೇ ಅವಳು ಸೆರಗು ಹಿಂದೆಳೆದಳು, ಅಕ್ಕಿ ನೆಲಕ್ಕೆ ಚೆಲ್ಲಿತು.

"ಅಮ್ಮಾ, ನನ್ನ ಕಳಿಸಬೇಡಿ. ರೊಟ್ಟಿ ಕಲೀತೀನಿ."

ಹುಲಿಗವ್ವನ ಕೈ ತಡೆದು ನಿಂತಿತು. "ಕಳಸಾಕ ಅಲ್ಲವಾ. ಸೊಸಿನ್ನ ಗೊತ್ತು ಮಾಡುವಾಗನೂ ನಮ್ಮಲ್ಲಿ ಉಡಿ ತುಂಬತೀವಿ." ಮೊರದಲ್ಲಿ ಉಳಿದ ಅಕ್ಕಿಯನ್ನು ಅವಳ ಉಡಿಗೆ ಸುರಿಯುತ್ತ ಮೆಲ್ಲಗೆ ಅಂದಳು: "ನನಗೂ ಅಂಜಿಕಿ ಆಗಿತ್ತು. ನೀರಾವರಿಯಾಗ ಬೆಳದಾಕಿ, ಈ ಒಣ ಊರು ನೋಡಿ ತಿರುಗಿ ಹೊಕ್ಕಾಳೇನೋ ಅಂತ."

ದುರ್ಗಾದೇವಿ ಅಲ್ಲೇ ಅತ್ತುಬಿಟ್ಟಳು. ಬಾಗಿಲಲ್ಲಿ ಕೃಷ್ಣ ಗ್ರೀಸು ಮೆತ್ತಿದ ಕೈಯಲ್ಲೇ ನಿಂತಿದ್ದ. ಅವನ ಕಣ್ಣು ಅವಳ ಉಡಿಯಿಂದ ಮುಖಕ್ಕೆ ಬಂದು ಅಲ್ಲೇ ಉಳಿಯಿತು.

"ಚೈನ್ ಸರಿ ಆಯ್ತಾ?" ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಅದಕ್ಕೇನೂ ಆಗಿದ್ದಿಲ್ಲ."

ಅವಳಿಗೆ ನಗು ಬಂತು. ಮರುಕ್ಷಣವೇ ಅಪ್ಪನನ್ನು ಇನ್ನೂ ಕೇಳಿಲ್ಲವೆಂದು ನೆನಪಾಗಿ ನಗು ಆರಿತು. ಹುಲಿಗವ್ವನಿಗೆ ಅದು ಗೊತ್ತಾಯಿತು.

"ಮುಂಜಾನೆ ಲಾರಿ ಬರೂದರೊಳಗ ನಾನ ಬಂದು ನಿಮ್ಮಪ್ಪನ್ನ ಕೇಳತೀನಿ. ಅವರ ಮಾತಿನ್ಯಾಗ ಕೇಳಿದ್ರ ಛಲೋ. ಹೆಂಗ ಕೇಳೂದು, ಹೇಳಿಕೊಡು."

"ಮೀ ಅಮ್ಮಾಯಿನಿ ಮಾ ಇಂಟಿಕಿ ಇವ್ವಂಡಿ." ನಿಮ್ಮ ಮಗಳನ್ನು ನಮ್ಮ ಮನೆಗೆ ಕೊಡಿ ಎಂಬುದನ್ನು ದುರ್ಗಾದೇವಿ ತೆಲುಗಿನಲ್ಲಿ ಹೇಳಿಕೊಟ್ಟಳು.

ಹುಲಿಗವ್ವ ತೊದಲಿದಳು. ತಪ್ಪಾಯಿತೆಂದು ಮತ್ತೆ ಮೊದಲಿನಿಂದ ಹೇಳಿದಳು. ದುರ್ಗಾದೇವಿ ಒಂದು ಕೈಯಲ್ಲಿ ಉಡಿ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಅವಳ ಕೈ ಹಿಡಿದುಕೊಂಡಳು.